ಇಂಪ್ರೆಗ್ನೇಟ್: ಮರ ‘ಗರ್ಭ ಧರಿಸುವುದು’ ಹೇಗೆ?

ಪದಶೋಧಕ:
ತಾಂತ್ರಿಕ ಕೈಪಿಡಿಯೊಂದರ ಅನುವಾದದಲ್ಲಿ ‘ಇಂಪ್ರೆಗ್ನೇಟೆಡ್ ವುಡ್’ ಎಂಬ ಮಾತು ಬಂದಿದೆ. ನಿಘಂಟಿನಲ್ಲಿ ಮೊದಲ ಅರ್ಥ ‘ಗರ್ಭವತಿಯಾಗಿಸು’, ಎರಡನೆಯದು ‘ತೋಯಿಸು, ತುಂಬಿಸು’. ಈ ಎರಡಕ್ಕೂ ಏನು ನಂಟು? ಕನ್ನಡದಲ್ಲಿ ಯಾವ ಪದ ಹಾಕಬೇಕು? ಇನ್ನೊಂದು: ಕೋಟೆಗೆ ಹೇಳುವ ‘ಇಂಪ್ರೆಗ್ನಬಲ್’ ಕೂಡ ಇದೇ ಮೂಲದ್ದೇ?

ಬೇರುಬಿಳಲು:
ಕೊನೆಯದಕ್ಕೆ ಮೊದಲು ಉತ್ತರ: ಅಲ್ಲ. ಅಭೇದ್ಯ ಎಂಬರ್ಥದ ‘ಇಂಪ್ರೆಗ್ನಬಲ್’ ಫ್ರೆಂಚಿನ ‘ಪ್ರಾಂದ್ರ್’, ಅಂದರೆ ‘ಹಿಡಿ, ವಶಪಡಿಸಿಕೊ’ ಎಂಬ ಕ್ರಿಯಾಪದದಿಂದ ಬಂದದ್ದು. ‘ಪ್ರಿಸನ್’, ‘ಸರ್‌ಪ್ರೈಸ್’ ಇದರ ನೆಂಟರು. ಹಳೆಯ ರೂಪದಲ್ಲಿ ‘ಗ್’ ಇರಲೇ ಇಲ್ಲ, ಆಮೇಲೆ ನುಸುಳಿತು. ಅಲ್ಲಿರುವ ‘ಇಮ್’ ನಿಷೇಧಾರ್ಥದ್ದು: ಹಿಡಿಯಲಾಗದ್ದು.

‘ಇಂಪ್ರೆಗ್ನೇಟ್’ನಲ್ಲಿರುವ ‘ಇಮ್’ಗೆ ‘ಒಳಗೆ’ ಎಂದರ್ಥ. ಮೂಲ ಉತ್ತರಕಾಲೀನ ಲ್ಯಾಟಿನ್ನಿನ ‘ಇಂಪ್ರೇಗ್ನಾರೆ’. ಅದರೊಳಗಿರುವ ‘ಪ್ರೇಗ್ನನ್ಸ್’ ಅನ್ನು ‘ಪ್ರೇ’ (ಮುಂಚೆ) ಮತ್ತು ಹುಟ್ಟು ಎಂಬರ್ಥದ ಧಾತು ಎಂದು ಬಿಡಿಸುತ್ತಾರೆ, ಅಂದರೆ ಹೆರಿಗೆಗೆ ಮುಂಚಿನ ಸ್ಥಿತಿ. ಆ ಧಾತುವೂ ಸಂಸ್ಕೃತದ ‘ಜನ್’ ಧಾತುವೂ ಒಂದೇ ಬೇರಿನವು, ಹಾಗಾಗಿ ನಮ್ಮ ಜನನ, ಜನ್ಮ, ಜಾತ ಎಲ್ಲ ಅದರ ದಾಯಾದಿಗಳೇ. ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ಇದು 1600ರ ಆಸುಪಾಸಿನಲ್ಲಿ ಕಾಣುತ್ತದೆ. ಒಂದರ ಒಳಗೆ ಇನ್ನೊಂದು ಹೊಕ್ಕು ನೆಲೆನಿಲ್ಲುವುದು ಎಂಬ ಹೋಲಿಕೆಯಿಂದ ಬಸಿರಿನ ಪದ ದ್ರವಕ್ಕೂ ಹಬ್ಬಿತು.

ಸಂಸ್ಕೃತದಲ್ಲಿ ಇದೇ ಪಯಣ ಉಲ್ಟಾ ನಡೆದಿದೆ! ಗರ್ಭಧಾರಣೆಯ ಮಾತುಗಳಾದ ‘ನಿಷೇಕ’, ‘ನಿಷೇಚನ’ ಬಂದದ್ದು ‘ಸಿಚ್’ ಧಾತುವಿನಿಂದ, ಅಂದರೆ ಎರೆ, ಚಿಮುಕಿಸು. ಸಿಂಚನವೂ ಅಲ್ಲಿಂದಲೇ. ಜೀವಶಾಸ್ತ್ರದ ಪಾಠದಲ್ಲಿ ‘ನಿಷೇಚನ’ ಎಂದು ಓದುವಾಗ ಅದರೊಳಗೆ ನೀರೆರೆಯುವ ಚಿತ್ರ ಇದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಸೂಕ್ಷ್ಮದರ್ಶಿ:
ಒಂದು ತಿದ್ದುಪಡಿ ಸೇರಿಸಲೇಬೇಕು. ನಿಷೇಚನ ಎಂದರೆ ‘ಫರ್ಟಿಲೈಸ್’, ಅಂಡಾಣು ಮತ್ತು ವೀರ್ಯಾಣು ಕೂಡುವುದು. ‘ಇಂಪ್ರೆಗ್ನೇಟ್’ ಅನ್ನು ಹಳೆಯ ಬರಹಗಳಲ್ಲಿ ಇದಕ್ಕೂ ಬಳಸಿದ್ದಾರೆ, ಆದರೆ ಇಂದಿನ ಸಾಮಾನ್ಯ ಅರ್ಥ ಬಸಿರಾಗಿಸುವುದು. ಪ್ರನಾಳ ಶಿಶು ವಿಧಾನದಲ್ಲಿ ನಿಷೇಚನ ಪ್ರಯೋಗಾಲಯದ ತಟ್ಟೆಯಲ್ಲೇ ಮುಗಿದಿರುತ್ತದೆ. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿ, ಅದು ಅಲ್ಲಿ ಅಂಟಿಕೊಂಡರೆ ಮಾತ್ರ ಬಸಿರು. ಎರಡಕ್ಕೂ ಒಂದೇ ಪದ ಹಾಕಿದರೆ ಅನುವಾದ ಕೆಡುತ್ತದೆ.

ಚೇಗುಮರ:
ಮರದ ವಿಷಯಕ್ಕೆ ಬರೋಣ. ‘ನೆನೆಸಿದ ಮರ’ ಎಂದು ಮಾತ್ರ ಬರೆಯಬೇಡಿ. ನೆನೆದದ್ದು ಒಣಗುತ್ತದೆ, ಇಲ್ಲಿ ಒಳಹೊಕ್ಕ ಸಂರಕ್ಷಕ (ಮರ ಕೊಳೆಯದಂತೆ ಕಾಯುವ ರಾಸಾಯನಿಕ) ಅಲ್ಲೇ ಉಳಿಯಬೇಕು. ಬಳಿಯುವುದೂ ಅಲ್ಲ, ಅದು ಮೇಲ್ಮೈ ಮಾತು.

ಜಾನ್ ಬೆಥೆಲ್ 1838ರಲ್ಲಿ ಪೇಟೆಂಟ್ ಪಡೆದ ಪದ್ಧತಿಯ ಸಾರ ಇಂದಿಗೂ ಚಾಲ್ತಿಯಲ್ಲಿದೆ. ಒಣಗಿದ ಮರವನ್ನು ಉಕ್ಕಿನ ಸಿಲಿಂಡರಿನಲ್ಲಿಟ್ಟು ಮೊದಲು ನಿರ್ವಾತ ಮಾಡಿ ಜೀವಕೋಶಗಳೊಳಗಿನ ಗಾಳಿ ಎಳೆಯುತ್ತಾರೆ. ನಿರ್ವಾತ ಬಿಡದೆಯೇ ದ್ರವ ತುಂಬುತ್ತಾರೆ. ಬಳಿಕ ಮರ ಇನ್ನು ಹೀರದು ಎನ್ನುವವರೆಗೆ ಒತ್ತಡ ಹಾಕುತ್ತಾರೆ, ಸಾಮಾನ್ಯವಾಗಿ 10ರಿಂದ 14 ಬಾರ್. ದ್ರವ ಬಸಿದು, ಮೇಲ್ಮೈಯಿಂದ ತೊಟ್ಟಿಕ್ಕದಂತೆ ಕೊನೆಗೊಮ್ಮೆ ನಿರ್ವಾತ.

ಕೆಡುವುದು ಮೂರು ಕಡೆ. ಹಸಿಮರ ಹಾಕಿದರೆ ಜೀವಕೋಶದ ಪೊಳ್ಳಿನಲ್ಲಿ ಆಗಲೇ ನೀರಿರುತ್ತದೆ, ದ್ರವಕ್ಕೆ ಜಾಗವೇ ಇಲ್ಲ. ತೇವಾಂಶ ಸುಮಾರು ಶೇ 25ಕ್ಕಿಂತ ಕೆಳಗಿಳಿದಿದ್ದರೆ ಒಳ್ಳೆಯದು. ಹೊರಗಿನ ಬಿಳಿ ಭಾಗ ಚೆನ್ನಾಗಿ ಹೀರುತ್ತದೆ, ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಎಷ್ಟು ಒತ್ತಿದರೂ ಹೆಚ್ಚೇನೂ ಒಳಬಿಡದು. ಹಾಗಾಗಿ ಸಂಸ್ಕರಿಸಿದ ಮೇಲೆ ಕೊಯ್ದರೆ, ತೂತು ಕೊರೆದರೆ ರಕ್ಷಣೆಯಿಲ್ಲದ ಒಳಭಾಗ ತೆರೆದುಕೊಂಡು ಕೊಳೆತ ಅಲ್ಲಿಂದಲೇ ಶುರು. ಕತ್ತರಿಸುವ ಕೆಲಸವೆಲ್ಲ ಮೊದಲೇ ಮುಗಿಯಬೇಕು.

ಪದಶೋಧಕ:
ಹಾಗಾದರೆ ‘ಸ್ಯಾಚುರೇಟ್’ ಕೂಡ ಇದೇ ಅಲ್ಲವೇ? ಮರ ಇನ್ನು ಹೀರದು ಎಂದಿರಲ್ಲ.

ಬೇರುಬಿಳಲು:
ಹತ್ತಿರ, ಆದರೆ ಒಂದೇ ಅಲ್ಲ. ‘ಸ್ಯಾಚುರೇಟ್’ ಲ್ಯಾಟಿನ್ನಿನ ‘ಸತುರ್’ನಿಂದ, ಅಂದರೆ ಹೊಟ್ಟೆ ತುಂಬಿದ್ದು. ಅದು ಮಿತಿ ಮುಟ್ಟಿದ್ದನ್ನು ಹೇಳುತ್ತದೆ. ರಸಾಯನಶಾಸ್ತ್ರದ ‘ಪರ್ಯಾಪ್ತ ದ್ರಾವಣ’ದ ಪರ್ಯಾಪ್ತವೂ ‘ಸಾಕಷ್ಟು’ ಎಂಬ ಅರ್ಥದ್ದೇ. ‘ಇಂಪ್ರೆಗ್ನೇಟ್’ಗೆ ಮಿತಿಯ ಗೊಡವೆ ಇಲ್ಲ. ಸೊಳ್ಳೆಪರದೆಯ ನೂಲಿಗೆ ಕೀಟನಾಶಕ ಸ್ವಲ್ಪವೇ ಸೇರಿದ್ದರೂ ಅದು ‘ಇಂಪ್ರೆಗ್ನೇಟೆಡ್’.

ನನ್ನ ಆಯ್ಕೆ ‘ಊಡಿಸು’. ಬಟ್ಟೆಗೆ ಬಣ್ಣ ಊಡಿಸುವುದು ಎನ್ನುತ್ತೇವಲ್ಲ, ಮೂಲದಲ್ಲಿ ಉಣಿಸುವುದೇ ಅದು. ‘ಸಂರಕ್ಷಕ ಊಡಿಸಿದ ಮರ’, ‘ರಾಳ ಊಡಿಸಿದ ಕಾಗದ’.

ಚೇಗುಮರ:
ಊಡಿಸು ಚೆನ್ನಾಗಿದೆ. ಆದರೆ ಕೈಪಿಡಿಯಲ್ಲಿ ಮೊದಲ ಸಲ ಬರುವಾಗ ‘ಒತ್ತಡದಿಂದ ಸಂರಕ್ಷಕ ಒಳಸೇರಿಸಿದ ಮರ’ ಎಂದು ಬಿಡಿಸಿ ಬರೆದು, ಮುಂದೆ ‘ಊಡಿಸಿದ ಮರ’ ಎನ್ನಿ. ಇಲ್ಲದಿದ್ದರೆ ಓದಿದವರು ಕುಂಚ ತಗೊಂಡು ಬಳಿಯಲು ಹೊರಡುತ್ತಾರೆ.