ನೆಲಕ್ಕೆ ಹಾಸುವ ಹಲಗೆಗೆ ಏನೆನ್ನೋಣ?

ಮರದ ನೆಲಕ್ಕೆ ಹಾಸುವ ಹಲಗೆಗೆ ಕನ್ನಡದಲ್ಲಿ ಅದರದ್ದೇ ಆದ ಹೆಸರು ಇದೆಯಾ? ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮವರೊಬ್ಬರು ಅಡಿಕೆ ತೋಟದ ಬದಿಯಲ್ಲಿ ಸಣ್ಣ ಬಿಡಾರ ಕಟ್ಟಿಸುತ್ತಿದ್ದಾರೆ. 10 ಅಡಿಗೆ 12 ಅಡಿ, ಮುರಕಲ್ಲಿನ ಕಂಬದ ಮೇಲೆ, ಮಣ್ಣಿನಿಂದ ಎರಡಡಿ ಎತ್ತರ. ಅಡಿಯಲ್ಲಿ ಗಾಳಿ ಆಡಬೇಕು, ಇಲ್ಲದಿದ್ದರೆ ನಮ್ಮ ಮಳೆಗೆ ಯಾವ ಮರವೂ ಉಳಿಯುವುದಿಲ್ಲ. ಮರದ ಪಟ್ಟಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ಮೊದಲ ಸಾಲಿಗೇ ಪದ ಇಲ್ಲ.

ಬರೀ ಹಲಗೆಗೆ ಇಲ್ಲಿ ಹೆಸರಿನ ಬರ ಇಲ್ಲ. ಮಲಯಾಳ ಮಾತಾಡುವ ಮರದ ಮಿಲ್ಲಿನಲ್ಲಿ ಪಲಕ, ತುಳು ಮಾತಾಡುವ ಆಚಾರಿಯ ಬಾಯಲ್ಲಿ ಪಲಾಯಿ, ನಮಗೆ ಹಲಗೆ. ಹಳಗನ್ನಡದಲ್ಲಿ ನಮ್ಮದೂ ಪಲಗೆಯೇ ಆಗಿತ್ತು. ಆದರೆ ಹಲಗೆ ಬಾಗಿಲಿಗೂ ಬೇಕು, ಮಂಚಕ್ಕೂ ಬೇಕು. ಸುಮ್ನೆ ‘ಹಲಗೆ’ ಅಂತ ಬರೆದರೆ ಎಷ್ಟು ದಪ್ಪ, ಯಾವುದಕ್ಕೆ ಅಂತ ಮಿಲ್ಲಿನವರು ಕೇಳಿಯೇ ಕೇಳುತ್ತಾರೆ.

‘ಮುಚ್ಚಿಗೆ ಹಲಗೆ ಅಂತ ಬರೆ’ ಎಂದರು ಹಿರಿಯರೊಬ್ಬರು. ಇಲ್ಲೇ ನನಗೆ ತಕರಾರು. ನಮ್ಮ ಹಳೆಯ ಮನೆಗಳಲ್ಲಿ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಹಲಗೆ. ಕೆಳಗೆ ನಿಂತು ನೋಡುವವನಿಗೆ ಅದು ಮುಚ್ಚಿಗೆ, ಮೇಲಿನಿಂದ ಮುಚ್ಚುವಂಥದ್ದು. ಅಟ್ಟಕ್ಕೆ ಹತ್ತಿದವನಿಗೆ ಹಲಗೆ ಕಾಣುವುದೇ ಕಡಿಮೆ. ಎಷ್ಟೋ ಮನೆಗಳಲ್ಲಿ ಹಲಗೆಯ ಮೇಲೆ ಮಣ್ಣು ಹಾಕಿ ತಟ್ಟಿರುತ್ತಾರೆ, ಕಾಲಿಗೆ ತಾಗುವುದು ಆ ಮಣ್ಣೇ. ಹಾಗಾಗಿ ಹಲಗೆಗೆ ಕೆಳಗಿನವರು ಹೆಸರಿಟ್ಟರು, ಮೇಲಿನವರಿಗೆ ಇಡುವ ಅಗತ್ಯ ಬೀಳಲಿಲ್ಲ. ಈ ಬಿಡಾರದ ಕೆಳಗೆ ಯಾರೂ ಇಲ್ಲ, ಜಾಸ್ತಿ ಅಂದರೆ ಕೋಳಿ ಮಲಗಬಹುದು. ಅದಕ್ಕೆ ಮುಚ್ಚಿಗೆ ಅನ್ನುವುದು ಹೇಗೆ?

‘ನೆಲಹಾಸು’ ಅಂದರೆ ಟೈಲ್ಸು, ಜಮಖಾನ ಎಲ್ಲ ಒಳಗೆ ಬರುತ್ತದೆ. ‘ನೆಲಹಲಗೆ’ ಅರ್ಥವಾಗುತ್ತದೆ, ಆದರೆ ಯಾರೂ ಆಡಿದ ಮಾತಿನಂತೆ ಕೇಳುವುದಿಲ್ಲ. ನನ್ನ ಓಟು ‘ಹಾಸುಹಲಗೆ’ಗೆ. ಅಂಗಳಕ್ಕೆ ಹಾಸುವ ಕಲ್ಲು ಹಾಸುಗಲ್ಲು ಆದರೆ ನೆಲಕ್ಕೆ ಹಾಸುವ ಹಲಗೆ ಹಾಸುಹಲಗೆ ಆಗಲಿ. ಆಚಾರಿಯ ಹತ್ತಿರ ಹೇಳಿ ನೋಡಿದೆ. ಅರ್ಥ ಕೇಳಲಿಲ್ಲ, ‘ಎಷ್ಟು ಅಗಲ?’ ಅಂತ ಕೇಳಿದ. ಅಷ್ಟಾದರೆ ಪದ ನಡೆಯಿತು ಅಂತಲೇ ಅಲ್ವಾ?

ಮರದ ಹೆಸರಿನಲ್ಲೂ ಒಂದು ತೊಡಕು. ತೇಗಕ್ಕೆ ದುಡ್ಡು ಸಾಲದು, ಹೆಬ್ಬಲಸು ಸಾಕು ಅಂತ ತೀರ್ಮಾನ. ಮಿಲ್ಲಿನಲ್ಲಿ ಇದು ಐನಿ, ತುಳುವರಿಗೆ ಪೆಜಕಾಯಿಯ ಮರ. ಅವಸರದಲ್ಲಿ ‘ಹಲಸು’ ಅಂತ ಬರೆದರೆ ಪ್ಲಾವ್, ಅಂದರೆ ಮಾಮೂಲಿ ಹಲಸು, ಕೊಯ್ದು ಕಳಿಸುತ್ತಾರೆ, ಅದು ಬೇರೆ ಮರ. ‘ತಿರುಳು ಮಾತ್ರ’ ಅಂತಲೂ ಸೇರಿಸಬೇಕು. ಅವರು ಕಾತಲ್ ಅನ್ನುವುದು ಇದಕ್ಕೇ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ, ಗೆದ್ದಲು ಮೊದಲು ಹಿಡಿಯುತ್ತದೆ.

ಇನ್ನು ಹಲಗೆಯ ಸೊಟ್ಟಕ್ಕೆ ಬೇಕಾದ ಮಾತು. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೇ ಇಲ್ಲ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಲ್ಲೂ ಬೆಳವಣಿಗೆಯ ಬಳೆಗಳ ಗುಂಟ ಆಗುವ ಕುಗ್ಗು, ಬಳೆಗಳನ್ನು ಅಡ್ಡಹಾಯುವ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಹಾಗಾಗಿ ಹಸಿ ಹಲಗೆ ಬಿಸಿಲಿಗೆ ಬಿದ್ದ ಅಡಿಕೆ ಹಾಳೆಯ ಹಾಗೆ ಎರಡೂ ಅಂಚು ಎತ್ತಿಕೊಳ್ಳುತ್ತದೆ. ಇದೊಂದು ಬಗೆ. ಉದ್ದಕ್ಕೆ ಬಿಲ್ಲಾಗುವುದು ಇನ್ನೊಂದು. ಒಂದು ಮೂಲೆ ಮಾತ್ರ ತಿರುಚಿ ಮೇಲೇಳುವುದು ಮತ್ತೊಂದು. ನಾವು ಮೂರಕ್ಕೂ ‘ಸೊಟ್ಟ’ ಅಂದುಬಿಡುತ್ತೇವೆ. ಆದರೆ ಬಿಲ್ಲಾದದ್ದನ್ನು ಜಂತಿಗೆ ಒತ್ತಿ ಮೊಳೆ ಹೊಡೆದು ಕೂರಿಸಬಹುದು, ತಿರುಚಿದ್ದನ್ನು ವಾಪಸು ಕಳಿಸುವುದೇ ಒಳ್ಳೆಯದು. ಪಟ್ಟಿಯಲ್ಲಿ ಮೂರಕ್ಕೂ ಬೇರೆ ಬೇರೆ ಮಾತು ಇಲ್ಲದಿದ್ದರೆ ಜಗಳ ಖಂಡಿತ. ಬಿಲ್ಲು, ತಿರುಚು ಸಿಕ್ಕಿತು. ಅಂಚು ಎತ್ತುವುದಕ್ಕೆ ಒಂದು ಗಟ್ಟಿ ಪದ ಯಾರಾದರೂ ಕೊಡಿ.

ಕೊನೆಗೆ ಜೋಡಣೆ. ಒಂದು ಹಲಗೆಯ ಅಂಚಿನ ಏಣು ಪಕ್ಕದ ಹಲಗೆಯ ಸೀಳಿನಲ್ಲಿ ಕೂರುತ್ತದಲ್ಲ, ಅದಕ್ಕೆ ಈಗ ಎಲ್ಲರೂ ‘ಟಂಗ್ ಗ್ರೂವ್’ ಅನ್ನುತ್ತಾರೆ. ಬೇಸಗೆಯಲ್ಲಿ ಹಲಗೆ ಕುಗ್ಗಿದರೂ ಸಂದಿನಿಂದ ಕೆಳಗೆ ಕಾಣಬಾರದು, ಅದಕ್ಕಾಗಿ ಈ ಉಪಾಯ. ‘ನಾಲಗೆ-ತೋಡು’ ಅಂತ ಬರೆದುಕೊಟ್ಟೆ. ಮನೆಯವರು ನಕ್ಕರು. ತೋಡು ಅಂದರೆ ಅವರಿಗೆ ತೋಟದ ನಡುವೆ ನೀರು ಹರಿಯುವ ತೋಡೇ. ನಮ್ಮ ಹಾಗೆ ಕರ್ನಾಟಕದ ಗಡಿಯಾಚೆ ಇರುವ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡದ ಬಡಗಿಗಳು ಇದಕ್ಕೆ ಏನನ್ನುತ್ತಾರೆ? ಹೊಸೂರು, ತಾಳವಾಡಿಯವರು? ಹಲಗೆಗೆ ಹೇಳಿಯಾಗಿದೆ, ಕೊಯ್ದ ಮೇಲೆ ನೆರಳಲ್ಲಿ ಅಟ್ಟಿ ಹಾಕಿ ಒಣಗಿಸಲು ಸಮಯ ಇದೆ. ಅಂಚು ತೆಗೆಯುವುದು ಆಮೇಲೆ, ಅಷ್ಟರೊಳಗೆ ತಿಳಿಸಿದರೆ ಸಾಕು.