ಸಾಲ ಕೊಡುವ ಕಡೆ 25 ವರ್ಷ, ತೀರಿಸುವ ಕಡೆ ಕೆಲವೇ ವರ್ಷ: ಎನ್‌ಗೋಜಿ ಒಕೊಂಜೊ-ಇವೆಲಾ ಅವರನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ: ಎಂ.ಎ. ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಅಂತಿಮ ವರ್ಷದಲ್ಲಿ ಓದುತ್ತಿರುವ ನಾನು, ಬರುವ ತಿಂಗಳು ವಿಭಾಗದ ವಿಚಾರ ಸಂಕಿರಣದಲ್ಲಿ ಮಂಡಿಸಬೇಕಾದ ಪ್ರಬಂಧಕ್ಕೆ ನೈಜೀರಿಯಾದ ಎನ್‌ಗೋಜಿ ಒಕೊಂಜೊ-ಇವೆಲಾ ಅವರ ವೃತ್ತಿಜೀವನವನ್ನು ಆರಿಸಿಕೊಂಡಿದ್ದೇನೆ. ಹೆಚ್ಚಿನವರು ಅವರನ್ನು ಬಲ್ಲುದು ವಿಶ್ವ ವ್ಯಾಪಾರ ಸಂಸ್ಥೆಯ ಮಹಾನಿರ್ದೇಶಕಿಯಾಗಿ. 2021ರ ಮಾರ್ಚ್‌ನಲ್ಲಿ ಆ ಹುದ್ದೆಗೆ ಬಂದ ಮೊದಲ ಮಹಿಳೆಯೂ ಅವರೇ, ಆಫ್ರಿಕಾದಿಂದ ಬಂದ ಮೊದಲಿಗರೂ ಅವರೇ. ನನ್ನ ಆಸಕ್ತಿ ಅದಕ್ಕೂ ಹಿಂದಿನ ಕಾಲದ್ದು. 1981ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದು, ಮರುವರ್ಷ ವಿಶ್ವ ಬ್ಯಾಂಕ್ ಸೇರಿ, ಅಲ್ಲಿ ಒಟ್ಟು 25 ವರ್ಷ ದುಡಿದು, ಅಧ್ಯಕ್ಷರ ನಂತರದ ಸ್ಥಾನವಾದ ವ್ಯವಸ್ಥಾಪಕ ನಿರ್ದೇಶಕರ ಹುದ್ದೆಯವರೆಗೆ ಏರಿದ ಇವರು, ನಡುವೆ 2003ರಿಂದ 2006ರವರೆಗೆ ತಮ್ಮ ದೇಶದ ಹಣಕಾಸು ಸಚಿವೆಯಾಗಿ ಸಾಲ ಪಡೆದವರ ಕಡೆಯ ಕುರ್ಚಿಯಲ್ಲಿ ಕುಳಿತರು.

ನನ್ನ ಗೊಂದಲ ಇರುವುದು ಇಲ್ಲಿಯೇ. ನಮ್ಮದು ಸೇಡಂ ಕಡೆಯ ತೊಗರಿ ಬೆಳೆಯುವ ಮನೆ. ಸಾಲ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ಗಂಜಿನ ಅಡತ್ ಅಂಗಡಿಯೊಂದರ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕ. ರಾಶಿ ಮುಗಿದು ತೊಗರಿ ಮಾರಿದ ದಿನ ಅಪ್ಪ ಆ ಪುಸ್ತಕದ ಎದುರು ಕೂರುತ್ತಿದ್ದರು. ಪುಟ ತಿರುವುವವರು ಗುಮಾಸ್ತರು, ಓದಿ ಹೇಳುವವರೂ ಅವರೇ, ಕೂಡಿಸಿ ಕಳೆಯುವವರೂ ಅವರೇ. ಅಪ್ಪನ ಪಾಲಿಗೆ ಉಳಿಯುತ್ತಿದ್ದುದು ತಲೆಯಾಡಿಸುವುದೊಂದೇ. ಹೀಗೆ ಬೆಳೆದವಳಿಗೆ, ಸಾಲ ಕೊಡುವವರ ಮನೆಯಲ್ಲಿ ಅಷ್ಟು ವರ್ಷ ಇದ್ದವರು ತೀರಿಸುವವರ ಪರವಾಗಿ ಮನಸಾರೆ ನಿಲ್ಲಬಲ್ಲರೇ ಎಂಬ ಅನುಮಾನ ಬಿಡದು. ಪ್ರಬಂಧದಲ್ಲಿ ಇದನ್ನು ವಿರೋಧಾಭಾಸ ಎಂದು ಬರೆಯಬೇಕೇ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ, ಬೀದರ್

ತಂಗಿ, ನಿಮ್ಮ ತಂದೆಯವರು ಕುಳಿತ ಜಾಗದಿಂದಲೇ ಉತ್ತರ ಆರಂಭಿಸಬಹುದು. ನೈಜೀರಿಯಾ ಕೂಡ ಬಹಳ ವರ್ಷ ಅದೇ ಜಾಗದಲ್ಲಿ ಕುಳಿತಿತ್ತು. ತೈಲದ ಬೆಲೆ ಏರಿದ್ದಾಗ ಧೈರ್ಯದಿಂದ ಸಾಲ ತಂದರು. 1980ರ ದಶಕದಲ್ಲಿ ಬೆಲೆ ಕುಸಿದಾಗ ಕಂತು ತಪ್ಪಿತು. ತಪ್ಪಿದ ಕಂತಿಗೆ ಬಡ್ಡಿ, ಆ ಬಡ್ಡಿಗೆ ಸುಸ್ತಿಬಡ್ಡಿ, ಅದರ ಮೇಲೆ ದಂಡ ಸೇರುತ್ತ ಹೋಯಿತು. ಸೇನಾ ಆಡಳಿತಗಳು ಒಂದರ ಹಿಂದೊಂದು ಬಂದು ಹೋದುವೇ ಹೊರತು ಸಾಲ ಕರಗಲಿಲ್ಲ. ಒಕೊಂಜೊ-ಇವೆಲಾ ಸಚಿವೆಯಾದಾಗ ಪ್ಯಾರಿಸ್ ಕ್ಲಬ್ ಒಂದಕ್ಕೇ ಸುಮಾರು 3,000 ಕೋಟಿ ಡಾಲರ್ ಬಾಕಿಯಿತ್ತು. ಪ್ಯಾರಿಸ್ ಕ್ಲಬ್ ಎಂದರೆ ಬ್ಯಾಂಕೂ ಅಲ್ಲ, ಕಂಪನಿಯೂ ಅಲ್ಲ; ಸಾಲ ಕೊಟ್ಟ ಶ್ರೀಮಂತ ದೇಶಗಳು 1956ರಿಂದ ಒಟ್ಟಾಗಿ ಕುಳಿತು, ತಮ್ಮ ಬಾಕಿಯ ಬಗ್ಗೆ ಒಂದೇ ಬಾಯಿಂದ ಮಾತನಾಡುವ ಕೂಟ. ಸಾಲ ಪಡೆದ ದೇಶ ಮಾತ್ರ ಅಲ್ಲಿಗೆ ಒಂಟಿಯಾಗಿ ಹೋಗಬೇಕು.

2005ರಲ್ಲಿ ಅವರು ಮಾಡಿಸಿಕೊಂಡ ಒಪ್ಪಂದವನ್ನು ನಮ್ಮ ಶಾಖೆಯ ಭಾಷೆಯಲ್ಲಿ ಹೇಳುವುದಾದರೆ ಓಟಿಎಸ್, ಅಂದರೆ ಏಕಕಾಲಿಕ ತೀರುವಳಿ. ಸುಮಾರು 1,800 ಕೋಟಿ ಡಾಲರ್ ಮನ್ನಾ, ಸುಮಾರು 1,200 ಕೋಟಿ ಡಾಲರ್ ಪಾವತಿ, ಅಲ್ಲಿಗೆ ಖಾತೆ ಮುಕ್ತಾಯ. ಶೇಕಡಾ 60ರಷ್ಟು ಬಿಡಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ನಾನು ಕಂಡಿದ್ದೇನೆ. ಔರಾದ್ ಕಡೆಯ ರೈತರೊಬ್ಬರು ನನ್ನ ಶಾಖೆಗೆ ಮೂರು ವರ್ಷ ಅಲೆದರು. ಮನ್ನಾ ಕೊಡಲು ನನಗೆ ಮನಸ್ಸಿರಲಿಲ್ಲವೆಂದಲ್ಲ; ಯಾವ ಸುತ್ತೋಲೆಯ ಯಾವ ಕಲಮಿನಡಿ ಕೇಳಬೇಕೆಂಬುದು ಅವರಿಗೆ ತಿಳಿದಿರಲಿಲ್ಲ, ಮೇಲಿನ ಕಚೇರಿಗೆ ನಾನು ಬರೆಯಬೇಕಾದರೆ ಆ ಕಲಮೇ ಬೇಕಿತ್ತು. ಕಡೆಗೆ ಸಹಕಾರ ಸಂಘದಲ್ಲಿ ಕೆಲಸ ಮಾಡಿದ್ದ ಅವರ ಸೊಸೆ ಕಾಗದ ಸಿದ್ಧಪಡಿಸಿ ತಂದಳು. ನಾಲ್ಕೇ ತಿಂಗಳಲ್ಲಿ ಕೆಲಸ ಮುಗಿಯಿತು. ಸಾಲ ಬಾಕಿಯಿಲ್ಲವೆಂಬ ಬೇಬಾಕಿ ಪ್ರಮಾಣಪತ್ರವನ್ನು ಆ ರೈತರು ಮೂರು ಬಾರಿ ಮಡಚಿ ಟೋಪಿಯೊಳಗೆ ಇಟ್ಟುಕೊಂಡು ಹೋದುದು ನನಗೆ ಇಂದಿಗೂ ನೆನಪಿದೆ.

ಒಕೊಂಜೊ-ಇವೆಲಾ ಅವರ 25 ವರ್ಷಗಳನ್ನು ನಾನು ಆ ಸೊಸೆಯ ಅನುಭವದಂತೆಯೇ ನೋಡುತ್ತೇನೆ. ಇನ್ನೊಂದು ಸಂಗತಿಯನ್ನು ನಿಮ್ಮ ಪ್ರಬಂಧದಲ್ಲಿ ಖಂಡಿತ ಸೇರಿಸಿ. ಸಚಿವೆಯಾಗುವುದಕ್ಕೂ ಮೊದಲೇ, 2000ದಲ್ಲಿ, ಅವರು ನೈಜೀರಿಯಾದ ಅಧ್ಯಕ್ಷ ಒಬಸಾಂಜೊ ಅವರಿಗೆ ಸಲಹೆಗಾರರಾಗಿ ಬಂದು ಸಾಲ ನಿರ್ವಹಣಾ ಕಚೇರಿಯನ್ನು ಕಟ್ಟಲು ನೆರವಾದರು. ಅಲ್ಲಿಯವರೆಗೆ ದೇಶದ ಸಾಲದ ಲೆಕ್ಕ ಹಲವು ಇಲಾಖೆಗಳಲ್ಲಿ ಚದುರಿಹೋಗಿತ್ತು. ಕೊಟ್ಟವರ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟನ್ನೇ ಒಪ್ಪಬೇಕಾದ ಸ್ಥಿತಿ. ತನ್ನದೇ ಪುಸ್ತಕ ಇಟ್ಟುಕೊಂಡ ಮೇಲೆಯೇ ಆ ದೇಶ ಚೌಕಾಸಿಗೆ ಕುಳಿತದ್ದು. ಇದರಲ್ಲಿ ವಿರೋಧಾಭಾಸ ನನಗಂತೂ ಕಾಣುತ್ತಿಲ್ಲ.

ಉತ್ತರ: ಸಾಮಾಜಿಕ ಕಾರ್ಯಕರ್ತ, ಯಾದಗಿರಿ

ಬೀದರಿನ ಹಿರಿಯರ ಮಾತನ್ನು ಗೌರವದಿಂದ ಓದಿದೆ. ಆದರೂ ಇನ್ನೊಂದು ಮಗ್ಗುಲನ್ನು ತಂಗಿಯವರು ಬಿಟ್ಟುಬಿಡಬಾರದು. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಯಾವುದೂ ಸಾಕಷ್ಟಿಲ್ಲದ ದೇಶವೊಂದು 1,200 ಕೋಟಿ ಡಾಲರ್ ನಗದನ್ನು ಶ್ರೀಮಂತ ದೇಶಗಳಿಗೆ ಎಣಿಸಿಕೊಟ್ಟಿತು ಎಂಬುದೂ ಅಷ್ಟೇ ನಿಜ. ಸರ್ವಾಧಿಕಾರಿಗಳು ಮಾಡಿದ ಸಾಲವನ್ನು ಪ್ರಜೆಗಳು ಏಕೆ ತೀರಿಸಬೇಕು ಎಂದು ಆಗ ಕೇಳಿದವರಿದ್ದರು, ಆ ಪ್ರಶ್ನೆಗೆ ಇಂದಿಗೂ ತೂಕವಿದೆ.

ಎರಡನೆಯದು 2012ರ ಜನವರಿಯ ಸಂಗತಿ. ಅವರು 2011ರಲ್ಲಿ ಮತ್ತೆ ಹಣಕಾಸು ಸಚಿವೆಯಾಗಿ ಬಂದಿದ್ದರು. ಹೊಸ ವರ್ಷದ ದಿನವೇ ಸರ್ಕಾರ ಪೆಟ್ರೋಲ್ ಸಬ್ಸಿಡಿಯನ್ನು ತೆಗೆಯಿತು; ಲೀಟರಿಗೆ 65 ನೈರಾ (ಅಲ್ಲಿನ ನಾಣ್ಯ) ಇದ್ದ ಬೆಲೆ ರಾತ್ರೋರಾತ್ರಿ 141 ನೈರಾ ಆಯಿತು. ದೇಶವೇ ಬೀದಿಗಿಳಿಯಿತು, ಸಾರ್ವತ್ರಿಕ ಮುಷ್ಕರ ನಡೆಯಿತು, ಕಡೆಗೆ ಬೆಲೆಯನ್ನು 97 ನೈರಾಗೆ ಇಳಿಸಬೇಕಾಯಿತು. ಟಂಟಂ ಓಡಿಸುವವರ ಮೇಲೆ, ಸಂತೆಗೆ ತರಕಾರಿ ಹೊರುವ ಹೆಂಗಸರ ಮೇಲೆ ಇಂಥ ನಿರ್ಧಾರ ಹೇಗೆ ಬೀಳುತ್ತದೆ ಎಂಬುದನ್ನು ಶಹಾಪುರ, ಸುರಪುರದಲ್ಲಿ ಓಡಾಡುವ ನನಗೆ ಯಾರೂ ವಿವರಿಸಬೇಕಿಲ್ಲ. ವಿಶ್ವ ಬ್ಯಾಂಕಿನ ಕೇಂದ್ರ ಕಚೇರಿಯಿರುವ ವಾಷಿಂಗ್ಟನ್ನಿನಲ್ಲಿ ಕಲಿತದ್ದು ಅವರಿಗೆ ಕಲಮನ್ನು ಕಲಿಸಿರಬಹುದು. ಸಂತೆಯ ಹೆಂಗಸಿನ ಲೆಕ್ಕವನ್ನು ಅದು ಕೆಲವೊಮ್ಮೆ ಮರೆಸುತ್ತದೆ ಎಂದೂ ಬರೆಯಿರಿ.

ಉತ್ತರ: ಅರ್ಥಶಾಸ್ತ್ರ ಉಪನ್ಯಾಸಕಿ, ಕಲಬುರಗಿ

ಯಾದಗಿರಿಯ ಅಣ್ಣನವರ ಆಕ್ಷೇಪವನ್ನು ಪ್ರಬಂಧದಲ್ಲಿ ಪೂರ್ತಿಯಾಗಿ ಇಡಬೇಕೆಂಬುದೇ ನನ್ನ ಅಭಿಪ್ರಾಯ. 2012ರ ನಿರ್ಧಾರವನ್ನು ಜಾರಿ ಮಾಡಿದ ರೀತಿ ತಪ್ಪೇ. ಬಸ್ಸು, ಆಸ್ಪತ್ರೆಯಂಥ ಬದಲಿ ವ್ಯವಸ್ಥೆ ಕಣ್ಣಿಗೆ ಕಾಣುವ ಮೊದಲೇ ಬೆಲೆ ಏರಿತು. ಆದರೆ ಆ ಕಥೆಗೆ ಮುಂದಿನ ಭಾಗವೂ ಇದೆ. ಆಮದೇ ಮಾಡಿಕೊಳ್ಳದ ಇಂಧನಕ್ಕೂ ಸಬ್ಸಿಡಿ ಬೇಡಿದ ವ್ಯಾಪಾರಿಗಳಿದ್ದರು ಎಂಬುದು ಆನಂತರದ ತನಿಖೆಗಳಲ್ಲಿ ಹೊರಬಿತ್ತು, ಪರಿಶೀಲನೆಯಾಗದ ಬಿಲ್ಲುಗಳಿಗೆ ಹಣ ಬಿಡುಗಡೆ ಮಾಡಲು ಸಚಿವೆ ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ವೃದ್ಧ ತಾಯಿಯನ್ನು, ಸ್ವತಃ ಸಮಾಜಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಕಮೆನೆ ಒಕೊಂಜೊ ಅವರನ್ನು, ಅಪಹರಿಸಲಾಯಿತು. ಮಗಳು ರಾಜೀನಾಮೆ ಕೊಡಬೇಕೆಂಬುದು ಅಪಹರಣಕಾರರ ಬೇಡಿಕೆಯಾಗಿತ್ತು. ಅವರು ಕೊಡಲಿಲ್ಲ, ಕೆಲ ದಿನಗಳ ಬಳಿಕ ತಾಯಿ ಬಿಡುಗಡೆಯಾದರು. ಈ ಭಾಗವನ್ನು ತರಗತಿಯಲ್ಲಿ ಹೇಳುವಾಗ ನನ್ನ ದನಿ ಪ್ರತಿ ಸಲವೂ ತಗ್ಗುತ್ತದೆ.

ಇನ್ನು ಮೂಲ ಪ್ರಶ್ನೆ. ಸಾಲ ಕೊಡುವವರೆಲ್ಲರನ್ನೂ ಗಂಜಿನ ಅಂಗಡಿಯ ಸಾಲಿನಲ್ಲೇ ನಿಲ್ಲಿಸುವುದು ಸರಿಯಲ್ಲ. ವಿಶ್ವ ಬ್ಯಾಂಕಿನೊಳಗೆ ಎರಡು ಮುಖ್ಯ ಕೈಗಳಿವೆ. ಒಂದು 1944ರ ಬ್ರೆಟನ್ ವುಡ್ಸ್ ಸಭೆಯಲ್ಲಿ ರೂಪುಗೊಂಡ ಐಬಿಆರ್‌ಡಿ. ಇದು ಮಾರುಕಟ್ಟೆಯಿಂದ ಹಣವೆತ್ತಿ, ತೀರಿಸುವ ಶಕ್ತಿಯುಳ್ಳ ದೇಶಗಳಿಗೆ ಸಾಲ ಕೊಡುತ್ತದೆ. ಇನ್ನೊಂದು 1960ರಲ್ಲಿ ಆರಂಭವಾದ ಐಡಿಎ. ಇದು ಅತಿ ಬಡ ದೇಶಗಳಿಗೆ ದೀರ್ಘ ಮುದ್ದತಿನ, ಬಹಳ ಕಡಿಮೆ ಬಡ್ಡಿಯ ಸಾಲವನ್ನೂ ಅನುದಾನವನ್ನೂ ಕೊಡುತ್ತದೆ, ಅದಕ್ಕಾಗಿ ಸುಮಾರು ಮೂರು ವರ್ಷಕ್ಕೊಮ್ಮೆ ಶ್ರೀಮಂತ ದೇಶಗಳಿಂದ ವಂತಿಗೆ ಎತ್ತಬೇಕಾಗುತ್ತದೆ. 2010ರಲ್ಲಿ ಆ ವಂತಿಗೆಯ ಮಾತುಕತೆಯ ಅಧ್ಯಕ್ಷತೆ ವಹಿಸಿದವರು ಇದೇ ಒಕೊಂಜೊ-ಇವೆಲಾ. ಜಗತ್ತಿನ ಆರ್ಥಿಕ ಕುಸಿತದ ಬಿಸಿ ಇನ್ನೂ ಆರದ ಆ ದಿನಗಳಲ್ಲಿ 4,930 ಕೋಟಿ ಡಾಲರ್ ಕೂಡಿತು. ಐಡಿಎಯಿಂದ ಬಹುಕಾಲ ಅತಿ ಹೆಚ್ಚು ಪಡೆದ ದೇಶ ನಮ್ಮದೇ ಎಂಬುದನ್ನೂ, 2014ರಲ್ಲಷ್ಟೇ ಭಾರತ ಆ ಪಟ್ಟಿಯಿಂದ ಹೊರಬಂದುದನ್ನೂ ವಿದ್ಯಾರ್ಥಿಗಳು ನೆನಪಿಡಬೇಕು.

ವಿಶ್ವ ಬ್ಯಾಂಕಿನ ಹಣ ಎಲ್ಲೋ ದೂರದ್ದು ಎಂದುಕೊಳ್ಳಬೇಡಿ. 2004ರಲ್ಲಿ ವಿಶ್ವ ಬ್ಯಾಂಕ್ ಸಾಲ ಮಂಜೂರು ಮಾಡಿದ ಕರ್ನಾಟಕದ ನಗರ ನೀರು ಸರಬರಾಜು ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿಯ ಜೊತೆ ನಮ್ಮ ಕಲಬುರಗಿಯ ಕೆಲವು ಬಡಾವಣೆಗಳೂ ಇದ್ದವು. ದಿನದ 24 ಗಂಟೆ ನೀರು ಕೊಡಲು ಸಾಧ್ಯವೇ ಎಂದು ಪ್ರಯೋಗ ಮಾಡಿದ ಬಡಾವಣೆಗಳವು. ಅದಕ್ಕೆ ಸೇರಿದ ಓಣಿಯೊಂದರಲ್ಲಿ ನನ್ನ ತವರುಮನೆಯಿತ್ತು. ಅದಕ್ಕೂ ಮೊದಲೆಲ್ಲ ನೀರು ಬಂದ ರಾತ್ರಿ ಓಣಿಯೆಲ್ಲ ಎದ್ದು ಕೂರುತ್ತಿತ್ತು, ಡ್ರಮ್ಮು, ಕೊಡ, ಹಂಡೆ, ಕಡೆಗೆ ರೊಟ್ಟಿ ಹಿಟ್ಟು ನಾದುವ ಪರಾತವನ್ನೂ ತುಂಬಿಡುತ್ತಿದ್ದೆವು. ನಳ ನಿಲ್ಲದೆ ಬರತೊಡಗಿದ ಮೇಲೂ ಅವ್ವ ಆರು ತಿಂಗಳು ಕೊಡಗಳನ್ನು ತುಂಬಿಯೇ ಇಟ್ಟಳು; ಒಂದು ದಿನ ತಾನಾಗಿ ಎರಡು ಕೊಡ ಬೋರಲು ಹಾಕಿದಳು. ಮೀಟರಿನ ಬಿಲ್ಲಿನ ಬಗ್ಗೆ ತಕರಾರುಗಳೂ ಇದ್ದವು, ನಗರದ ಉಳಿದ ಭಾಗ ಬಹಳ ಕಾಲ ಕಾಯಬೇಕಾಯಿತು. ಸಾಲವನ್ನು ಯಾತಕ್ಕೆ, ಯಾವ ಮುದ್ದತಿಗೆ, ಯಾರ ಹೆಸರಿನಲ್ಲಿ ತಂದರು ಎಂಬುದನ್ನು ನೋಡದೆ ಸಾಲ ಒಳ್ಳೆಯದೋ ಕೆಟ್ಟದ್ದೋ ಹೇಳಲಾಗದು ಎಂದು ನಾನು ಪಾಠ ಮಾಡುವುದು ಆ ಬೋರಲಾದ ಕೊಡಗಳನ್ನು ಕಂಡ ಮೇಲೆಯೇ.

ಪ್ರಬಂಧಕ್ಕೆ ಆರಂಭ ಬೇಕಿದ್ದರೆ ನೈಜೀರಿಯಾದ ಅಂತರ್ಯುದ್ಧವಾದ ಬಿಯಾಫ್ರಾ ಯುದ್ಧದಿಂದ ಆರಂಭಿಸಿ. ಮಲೇರಿಯಾದಿಂದ ಮೈ ಸುಡುತ್ತಿದ್ದ ಮೂರು ವರ್ಷದ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಹದಿಹರೆಯದ ಎನ್‌ಗೋಜಿ ಸುಮಾರು 10 ಕಿಲೋಮೀಟರ್ ನಡೆದರು. ಚಿಕಿತ್ಸಾಲಯದ ಬಾಗಿಲಲ್ಲಿ ನೂರಾರು ಜನ ನುಗ್ಗುತ್ತಿದ್ದುದರಿಂದ ಕಿಟಕಿಯಿಂದ ಒಳಗೆ ಹತ್ತಿ ಚುಚ್ಚುಮದ್ದು ಹಾಕಿಸಿದರು. ಇದನ್ನು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಮುಂದೆ ಬಡ ದೇಶಗಳ ಮಕ್ಕಳಿಗೆ ಲಸಿಕೆ ಒದಗಿಸುವ ಗಾವಿ ಸಂಸ್ಥೆಯ ಮಂಡಳಿಗೆ 2016ರಿಂದ 2020ರವರೆಗೆ ಅಧ್ಯಕ್ಷೆಯಾದಾಗ ಅವರ ಕಣ್ಣ ಮುಂದೆ ಆ ಕಿಟಕಿ ಇರಲಿಲ್ಲವೆಂದು ನಾನು ನಂಬಲಾರೆ. ಅವರ ಪಿಎಚ್‌ಡಿಯ ವಿಷಯವನ್ನೂ ಗಮನಿಸಿ: ನೈಜೀರಿಯಾದ ಕೃಷಿ ಮತ್ತು ಗ್ರಾಮೀಣ ಸಾಲ ವ್ಯವಸ್ಥೆ. ವಿಶ್ವ ಬ್ಯಾಂಕಿಗೆ ಅವರು ಸೇರಿದ 1982ರಲ್ಲೇ ನಮ್ಮಲ್ಲಿ ಕೃಷಿ ಮತ್ತು ಗ್ರಾಮೀಣ ಸಾಲದ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಸ್ಥಾಪನೆಯಾಯಿತು. ಎರಡೂ ಕಡೆ ಪ್ರಶ್ನೆ ಒಂದೇ, ಹೊಲದವನಿಗೆ ಸಾಲ ಹೇಗೆ ತಲುಪಬೇಕು ಎಂಬುದು.

ಇನ್ನೊಂದು ಮಾತು. ಮೊದಲ ಬಾರಿ ಸಚಿವೆಯಾಗಿದ್ದಾಗ ಕೇಂದ್ರದಿಂದ ಪ್ರತಿ ರಾಜ್ಯಕ್ಕೆ, ಪ್ರತಿ ಸ್ಥಳೀಯ ಸರ್ಕಾರಕ್ಕೆ ತಿಂಗಳು ತಿಂಗಳು ಹೋಗುವ ಹಣದ ಪಟ್ಟಿಯನ್ನು ಅವರು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು. ನಮ್ಮ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕಾಮಗಾರಿಯ ಮೊತ್ತ ಬರೆಸಿದರೆ ಯಾರು ಯಾರು ಬಂದು ನಿಂತು ಓದುತ್ತಾರೆ, ಯಾರ ಮುಖ ಬಾಡುತ್ತದೆ ಎಂದು ನೀವೇ ನೋಡಿರುತ್ತೀರಿ. ಸಾಲ ಮನ್ನಾ ಮಾಡುವವರು ಮೊದಲು ಕೇಳುವುದೇ ಉಳಿದ ಹಣ ಎಲ್ಲಿ ಹೋಗುತ್ತದೆ ಎಂದು. ಆ ಪಟ್ಟಿಗಳು, ತೈಲದ ಬೆಲೆ ಏರಿದಾಗ ಬಂದ ಹೆಚ್ಚುವರಿ ಹಣವನ್ನು ಖರ್ಚು ಮಾಡದೆ ಎತ್ತಿಡಲು 2004ರಲ್ಲಿ ತೆರೆದ ಖಾತೆ, ಇವೆರಡೂ ಇಲ್ಲದಿದ್ದರೆ ಪ್ಯಾರಿಸ್ ಮೇಜಿನ ಮೇಲೆ ಇಡಲು ಅವರ ಬಳಿ ಮಾತಿನ ಹೊರತು ಏನೂ ಇರುತ್ತಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಸರ್, ಅಣ್ಣ, ಮೇಡಂ, ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ವಿರೋಧಾಭಾಸ ಎಂಬ ಪದವನ್ನು ಶೀರ್ಷಿಕೆಯಿಂದ ತೆಗೆದಿದ್ದೇನೆ. 2012ರ ಮುಷ್ಕರಕ್ಕೆ ಪ್ರತ್ಯೇಕ ಅಧ್ಯಾಯ ಇಡುತ್ತೇನೆ. ಸಾಲ ನಿರ್ವಹಣಾ ಕಚೇರಿಯ ಸಂಗತಿ ಮೊದಲ ಅಧ್ಯಾಯವಾಗುತ್ತದೆ.

ನಿನ್ನೆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳುತ್ತಿದ್ದವರು, ಕಡೆಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಆ ದೇಶಕ್ಕೆ ಬೇಬಾಕಿ ಪತ್ರ ಸಿಕ್ಕಿತೇನವ್ವಾ?" ಸಿಕ್ಕಿತು ಅಪ್ಪ, 2006ರ ಏಪ್ರಿಲಿನಲ್ಲಿ ಕೊನೆಯ ಕಂತು ಕಟ್ಟಿದರು ಎಂದು ಹೇಳಿದೆ.