ಪದಚರ್ಚೆ: ರೋಧ, ನಿರೋಧ, ಪ್ರತಿರೋಧ, ಶಕ್ತಿ, ಸಾಮರ್ಥ್ಯ, ಮತ್ತೆ ನಮ್ಮ ‘ಕರೆಂಟು’

ಪ್ರಶ್ನೆ: ಮಂಡ್ಯ ಕಡೆ ಪಂಪ್‌ಸೆಟ್ ರಿಪೇರಿ ಕಲಿಯುವ ಹುಡುಗರಿಗಾಗಿ ಕೈಪಿಡಿಯೊಂದು ತಯಾರಾಗುತ್ತಿದೆ. ಅದರಲ್ಲಿ ಹೀಗೊಂದು ಸಾಲಿದೆ: “ನೀರು ಕಾಯಿಸುವ ರಾಡಿನ ನಿರೋಧ 35 ಓಮ್, ಶಕ್ತಿ 1500 ವ್ಯಾಟ್. ಕರೆಂಟ್ ಕಮ್ಮಿ ಬಂದರೆ ಶಕ್ತಿಯೂ ಕಮ್ಮಿ. ಮೋಟಾರಿಗೂ ಹೀಗೇ.” ಕೆಲವರು ‘ಪ್ರತಿರೋಧ’ ಎನ್ನಿ ಅನ್ನುತ್ತಾರೆ, ಶಾಲೆಯ ಪುಸ್ತಕದಲ್ಲಿ ‘ರೋಧ’ ಇದೆ. ಯಾವುದನ್ನು ಉಳಿಸಿಕೊಳ್ಳಬೇಕು, ತಿಳಿದವರು ಹೇಳಿ.

ಉತ್ತರ: ‘ರೋಧ’ ಸಾಕು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬರುವ ಓಮ್ ಲೆಕ್ಕಕ್ಕೆ ಅದು ಚಿಕ್ಕ, ಚೊಕ್ಕ ಪದ. ಬೋರ್ಡಿನ ಮೇಲೆ ಬೆಸುಗೆ ಹಾಕುವ ಬಿಡಿಭಾಗ ‘ರೋಧಕ’. ‘ಪ್ರತಿರೋಧ’ ಪತ್ರಿಕೆಗಳಲ್ಲಿ ಚಳವಳಿ, ವಿರೋಧಗಳ ಜೊತೆ ಹೊಂದಿಕೊಂಡುಬಿಟ್ಟಿದೆ. ‘ನಿರೋಧ’ವನ್ನಂತೂ ಬಿಡಲೇಬೇಕು. ಜಲನಿರೋಧಕ ಎಂದರೆ ನೀರನ್ನು ಪೂರ್ತಿ ತಡೆಯುವಂಥದ್ದು ತಾನೆ? ರಾಡಿನ ಒಳಗಿನ ತಂತಿ ಕರೆಂಟನ್ನು ತಡೆದು ನಿಲ್ಲಿಸುವುದಿಲ್ಲ, ಬಿಗಿಹಿಡಿದು ಹರಿಯಬಿಡುತ್ತದೆ, ಅದರಿಂದಲೇ ಕಾಯುತ್ತದೆ. ಪೂರ್ತಿ ತಡೆಯುವ ರಬ್ಬರು, ಪಿಂಗಾಣಿಗಳಿಗೆ ‘ಅವಾಹಕ’ ಇದೆ. ಹುಡುಗರು ಇವೆರಡನ್ನೂ ಒಂದೇ ಎಂದುಕೊಂಡರೆ ಅಪಾಯ.

‘ಶಕ್ತಿ’ಯದು ಇನ್ನೂ ದೊಡ್ಡ ಗೋಜಲು. ಪಠ್ಯಪುಸ್ತಕದಲ್ಲಿ ಶಕ್ತಿ ಎಂದರೆ ಜೂಲ್‌ನಲ್ಲಿ ಅಳೆಯುವಂಥದ್ದು, ನಮ್ಮ ಬಿಲ್ಲಿನ ಯೂನಿಟ್ಟೂ ಅದರದೇ ಅಳತೆ. ವ್ಯಾಟಿಗೆ ‘ಸಾಮರ್ಥ್ಯ’. ಆದರೆ ಎಚ್‌ಪಿಗೆ ಹಿಂದಿನಿಂದ ಬಂದ ಪದ ‘ಅಶ್ವಶಕ್ತಿ’. ಅಳೆಯುವುದು ಸಾಮರ್ಥ್ಯವನ್ನು, ಹೆಸರಿನಲ್ಲಿರುವುದು ಶಕ್ತಿ. ಅತ್ತ ‘ಸಾಮರ್ಥ್ಯ’ವೂ ನೀರಿನ ಟ್ಯಾಂಕಿಗೆ, ಬ್ಯಾಟರಿಗೆ ಬಳಕೆಯಲ್ಲಿದೆ. ಆದ್ದರಿಂದ ವ್ಯಾಟಿಗೆ ಸಾಮರ್ಥ್ಯ ಎಂದೇ ಬರೆಯಿರಿ, ಆದರೆ ಒಂದು ಕಡೆಯೂ ವ್ಯಾಟ್, ಯೂನಿಟ್ ಎಂಬ ಅಳತೆಯ ಮಾನ ಬಿಟ್ಟು ಬರೆಯಬೇಡಿ. 1500 ವ್ಯಾಟಿನ ರಾಡು ಎರಡು ಗಂಟೆ ಉರಿದರೆ 3 ಯೂನಿಟ್: ಮೊದಲನೆಯದು ಸಾಮರ್ಥ್ಯ, ಕೊನೆಯದು ಶಕ್ತಿ.

ಇನ್ನು ‘ಕರೆಂಟ್’. “ಕರೆಂಟ್ ಹೋಯ್ತು” ಎಂದರೆ ಸರಬರಾಜು ನಿಂತಿತು. “ಕರೆಂಟ್ ಬಿಲ್” ಯೂನಿಟ್ಟಿನದು. “ಇವತ್ತು ಕರೆಂಟ್ ಡಲ್ಲು” ಎಂದಾಗ ಇಳಿದಿರುವುದು ವೋಲ್ಟೇಜ್. “ಮೋಟ್ರು ಎಷ್ಟು ಕರೆಂಟ್ ಎಳೀತದೆ?” ಎಂದಾಗ ಮಾತ್ರ ಅದು ಆಂಪಿಯರ್. ಗೊಂದಲ ಬಿಡಿಸುವ ದಾರಿ ಜನರ ಬಾಯಲ್ಲೇ ಇದೆ, ಕ್ರಿಯಾಪದ ನೋಡಿ: ವೋಲ್ಟೇಜ್ ಬರುತ್ತದೆ, ಕರೆಂಟನ್ನು ಯಂತ್ರ ಎಳೆಯುತ್ತದೆ, ಯೂನಿಟ್ ಓಡುತ್ತದೆ. ‘ಎಳೆಯುವುದು’ ಎಷ್ಟು ಖಚಿತವಾದ ಮಾತು! ಎಷ್ಟು ಆಂಪಿಯರ್ ಎಂಬುದನ್ನು ತೀರ್ಮಾನಿಸುವುದು ಲೈನೊಂದೇ ಅಲ್ಲ, ಲೈನಿಗೆ ತಗುಲಿಸಿದ ವಸ್ತು ಕೂಡ. ಕೈಪಿಡಿಯಲ್ಲಿ ಈ ಮೂರು ಕ್ರಿಯಾಪದಗಳನ್ನು ಹಾಗೇ ಇಟ್ಟುಕೊಳ್ಳಿ.

ನಿಮ್ಮ ಸಾಲನ್ನು ಲೆಕ್ಕಕ್ಕೆ ಹಚ್ಚೋಣ. 1500 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 6.52 ಆಂಪಿಯರ್, 230ನ್ನು 6.52ರಿಂದ ಭಾಗಿಸಿದರೆ 35.3 ಓಮ್. ಸಂಜೆ ವೋಲ್ಟೇಜ್ 180ಕ್ಕೆ ಇಳಿಯಿತೆನ್ನಿ. ರಾಡಿನ ರೋಧ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಎಳೆಯುವುದು 5.1 ಆಂಪಿಯರ್, ಸಾಮರ್ಥ್ಯ ಸುಮಾರು 920 ವ್ಯಾಟ್. 20 ಲೀಟರಿನ ಬಕೆಟ್ ನೀರು 25 ಡಿಗ್ರಿಯಿಂದ 45ಕ್ಕೆ ಏರಲು 19 ನಿಮಿಷ ಸಾಕಾಗುತ್ತಿದ್ದದ್ದು ಈಗ ಅರ್ಧ ಗಂಟೆ ಹಿಡಿಯುತ್ತದೆ, ಗಾಳಿಗೆ ಹೋಗುವ ಶಾಖ ಬೇರೆ. ರಾಡಿನ ಮಟ್ಟಿಗೆ ನಿಮ್ಮ ಮಾತು ನಿಜ.

ಮೋಟಾರಿಗೆ ಅದು ತಪ್ಪು. 5 ಎಚ್‌ಪಿಯ ತ್ರೀ ಫೇಸ್ ಮೋಟಾರಿನ ಎರಡು ತುದಿಗಳ ನಡುವೆ ಮೀಟರು 4 ಓಮ್ ತೋರಿಸಿತೆನ್ನಿ. ತ್ರೀ ಫೇಸಿನ 415 ವೋಲ್ಟನ್ನು 4ರಿಂದ ಭಾಗಿಸಿದರೆ 104 ಆಂಪಿಯರ್ ಬರುತ್ತದೆ. ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನೋಡಿದರೆ 8ರ ಆಸುಪಾಸು. ತಿರುಗುವಾಗ ಸುರುಳಿಯೊಳಗೇ ಎದುರು ವೋಲ್ಟೇಜ್ ಹುಟ್ಟುವುದರಿಂದ ಸುರುಳಿಯ ರೋಧವೊಂದೇ ಇಲ್ಲಿ ಲೆಕ್ಕವಲ್ಲ. ವೋಲ್ಟೇಜ್ ಇಳಿದರೆ ಎತ್ತುವ ನೀರು ಅಷ್ಟೇ ಇರುವುದರಿಂದ ಮೋಟಾರು ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಸುರುಳಿಯ ಶಾಖ 21 ಶೇಕಡಾ ಏರುತ್ತದೆ, ಏಕೆಂದರೆ ಶಾಖ ಕರೆಂಟಿನ ವರ್ಗಕ್ಕೆ ಅನುಗುಣ. “ಡಲ್ ಕರೆಂಟಿಗೆ ಕಾಯಿಲ್ ಸುಟ್ಟೋಯ್ತು” ಎನ್ನುವುದರ ಅರ್ಥ ಇದೇ. ‘ಮೋಟಾರಿಗೂ ಹೀಗೇ’ ಎಂದು ಕಲಿತವನು ಕರೆಂಟ್ ಮಿತಿಮೀರಿದಾಗ ಮೋಟಾರನ್ನು ನಿಲ್ಲಿಸುವ ರಿಲೇ ಯಾಕೆ ಬೀಳುತ್ತಿದೆ ಎಂದು ತಿಳಿಯದೆ ಅದರ ಸೆಟ್ಟಿಂಗ್ ಏರಿಸಿಬಿಡುತ್ತಾನೆ.

ಮೋಟಾರಿನ ಸಾಮರ್ಥ್ಯದ ಲೆಕ್ಕವೂ ಬರಿಯ ವೋಲ್ಟ್, ಆಂಪಿಯರುಗಳ ಗುಣಾಕಾರವಲ್ಲ: 1.732 (ತ್ರೀ ಫೇಸಿನ ಲೆಕ್ಕಕ್ಕೆ ಬೇಕಾದ 3ರ ವರ್ಗಮೂಲ) × 415 × 8, ಅದಕ್ಕೆ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ಕೆಲಸಕ್ಕೆ ಬರುವ ಪಾಲು) 0.8 ಸೇರಿಸಿ ಗುಣಿಸಿದರೆ 4600 ವ್ಯಾಟ್. ಅದರಲ್ಲಿ ಶಾಫ್ಟಿಗೆ ಸಿಗುವುದು 3730, ಅಂದರೆ ಮೋಟಾರಿನ ಫಲಕದ ಮೇಲೆ ಬರೆದ ಆ 5 ಎಚ್‌ಪಿ.

ವೋಲ್ಟೇಜಿಗೆ ‘ವಿಭವಾಂತರ’ ಬೇಕೇ? ‘ವಿಭವ’ ಕೇಳಿದರೆ ವೈಭವ ನೆನಪಾಗುತ್ತದೆ, ದಿನಬಳಕೆಗೆ ವೋಲ್ಟೇಜೇ ಇರಲಿ. ಆದರೂ ಒಮ್ಮೆಯಾದರೂ ಆ ಪದವನ್ನು ಪರಿಚಯಿಸಿ, ಅದರೊಳಗಿನ ‘ಅಂತರ’ಕ್ಕಾಗಿ. ವೋಲ್ಟೇಜ್ ಯಾವಾಗಲೂ ಎರಡು ಬಿಂದುಗಳ ನಡುವಿನದು. ಇದನ್ನು ಮರೆತರೆ ಏನಾಗುತ್ತದೆ ನೋಡಿ. ಗದ್ದೆಯ ಸಿಂಗಲ್ ಫೇಸ್ ಪಂಪಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಹೋಗಿ ಬರುವ ಉದ್ದ 270 ಮೀಟರ್, ರೋಧ ಸುಮಾರು 2 ಓಮ್, ಎಳೆಯುವುದು 8 ಆಂಪಿಯರ್. ವೈರಿನಲ್ಲಿ ವ್ಯರ್ಥವಾಗುವುದೆಷ್ಟು? 230ರ ವರ್ಗವನ್ನು 2ರಿಂದ ಭಾಗಿಸಿದವನಿಗೆ 26,450 ವ್ಯಾಟ್ ಬರುತ್ತದೆ! ವೈರಿನ ತುದಿಗಳ ನಡುವಿನ ವೋಲ್ಟೇಜಿನ ಅಂತರ 8 × 2, ಬರಿಯ 16 ವೋಲ್ಟ್. 16ರ ವರ್ಗವನ್ನು 2ರಿಂದ ಭಾಗಿಸಿದರೆ 128 ವ್ಯಾಟ್, ಅದೇ ಸರಿ. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರದ ಕೋಲಾರದ ಗಣಿಗೆ ವಿದ್ಯುತ್ ಒಯ್ದಾಗ ವೋಲ್ಟೇಜ್ ಏರಿಸಲೇಬೇಕಾದದ್ದೂ ಇದಕ್ಕೇ: ವೋಲ್ಟೇಜ್ ಎರಡರಷ್ಟಾದರೆ ಅದೇ ಸಾಮರ್ಥ್ಯಕ್ಕೆ ಅರ್ಧ ಕರೆಂಟ್ ಸಾಕು, ಲೈನಿನ ನಷ್ಟ ಕಾಲುಭಾಗ.

ಅಳೆಯುವ ಪುಟದಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿ: ರೋಧ ಅಳೆಯುವಾಗ ಸಪ್ಲೈ ತೆಗೆದಿರಬೇಕು, ವಸ್ತುವಿನ ಒಂದು ತುದಿಯಾದರೂ ಬಿಚ್ಚಿರಬೇಕು.

ಸಾಲು ಹೀಗಿರಲಿ: “ರಾಡಿನ ರೋಧ ಸುಮಾರು 35 ಓಮ್. 230 ವೋಲ್ಟ್ ಬಂದರೆ ಅದರ ಸಾಮರ್ಥ್ಯ 1500 ವ್ಯಾಟ್, 180 ಬಂದರೆ 920. ಮೋಟಾರು ಹಾಗಲ್ಲ, ವೋಲ್ಟೇಜ್ ಇಳಿದಾಗ ಅದು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ.”